ಹಾವಿನ ಗೃಹಪ್ರವೇಶ

ನನ್ನ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ನಾನು ಎಂದೂ ಹೇಳಿಲ್ಲ. ಹೇಳುವ ಅಗತ್ಯವೇ ಬಿದ್ದಿಲ್ಲ! ಲಂಡನ್ನಿನ ಅಂಚಿನ ಫೆಲ್ಥಮ್ಮಿನಲ್ಲಿ, ಅವರ ಬೀದಿಯಲ್ಲಿ, ಆ ಕೆಲಸಕ್ಕೆ ಬೇಕಾದಷ್ಟು ಜನ ಇದ್ದರು. ಧಾರವಾಡದಿಂದ ಬಂದು ಇಪ್ಪತ್ತು ವರ್ಷ ವಿಮಾನ ನಿಲ್ದಾಣದಲ್ಲಿ ಪರರ ಪೆಟ್ಟಿಗೆ ಎತ್ತಿಹಾಕಿದ ಮನುಷ್ಯ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಅಪ್ಪಟ ಲಿಂಗಾಯತ, ಐವತ್ತರ ವಯಸ್ಸಿನಲ್ಲಿ ಹಾವು ಸಾಕಲು ಹೊರಟರೆ ಬೀದಿಯವರಾದರೂ ಏನು ಮಾಡಬೇಕು?

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅಕ್ಸ್‌ಬ್ರಿಡ್ಜಿನಲ್ಲಿ ಓದುತ್ತಾ ಮಾವನ ಮನೆಯ ಬಾಕ್ಸ್ ರೂಮಿನಲ್ಲಿದ್ದೆ. ಬಾಕ್ಸ್ ರೂಮ್ ಎಂದರೆ ಮಂಚದ ಮೇಲೆ ಕೂತುಕೊಂಡೇ ಬಾಗಿಲು, ಕಿಟಕಿ, ಬೀರು ಮೂರನ್ನೂ ತೆರೆಯಬಹುದಾದ ಕೋಣೆ. ಒಂದು ಶನಿವಾರ ಮಳೆ ಬಂತೆಂದು ಮಾವ ಒಂದು ಅಂಗಡಿಯೊಳಗೆ ನಿಂತರು. ಅದು ಸಾಕುಪ್ರಾಣಿಗಳ ಅಂಗಡಿ. ಲಂಡನ್ನಿನ ಮಳೆ, ಬೇಗ ನಿಲ್ಲಲಿಲ್ಲ. ಮನೆಗೆ ಬರುವಷ್ಟರಲ್ಲಿ ಮಾವ ವಿಷವಿಲ್ಲದ ಒಂದು ಕಾರ್ನ್ ಸ್ನೇಕ್ ಮರಿಗೆ ಮಾತು ಕೊಟ್ಟಾಗಿತ್ತು!

ಹಾವನ್ನು ಅಂದೇ ತರಲಿಲ್ಲ. "ಮನಿ ರೆಡಿ ಮಾಡದ ಯಾರನ್ನೂ ಕರಕೊಂಡು ಬರಬಾರದು, ಅಳಿಯಾ. ಅದು ಮರ್ಯಾದಿ ಅಲ್ಲ" ಎಂದರು. ಲೈಬ್ರರಿಯಿಂದ ಪುಸ್ತಕ ಬಂತು. ಹಾಲಿನಲ್ಲಿದ್ದ ನಾಲ್ಕು ಅಡಿ ಉದ್ದದ ಗಾಜಿನ ಶೋಕೇಸಿನ ಮೇಲೆ ಮಾವನ ಕಣ್ಣು ಬಿತ್ತು. ಅದರೊಳಗೆ ಅತ್ತೆಯ ಚಹಾದ ಕಪ್ಪು ಬಸಿಗಳು ವರ್ಷಗಳಿಂದ ಸಂಸಾರ ಹೂಡಿದ್ದವು. ಅವುಗಳಿಗೆ ಒಂದೇ ಮಧ್ಯಾಹ್ನದಲ್ಲಿ ಮನೆ ಖಾಲಿ ಮಾಡಿಸಲಾಯಿತು.

"ನನ್ನ ಕಪ್ಪು ಬಸಿ ಎಲ್ಲಿ ಇಡ್ಲಿರಿ?" ಎಂದರು ಅತ್ತೆ.

"ಅವಕ್ಕೇನು ಜೀವ ಐತೇನ? ಎಲ್ಲ್ಯಾರ ಇಡು!"

ಮಾವ ಗಾಳಿಗೆ ತೂತು ಕೊರೆದರು. ಜಾರುವ ಗಾಜಿಗೆ ಬೀಗ ಹಾಕಿದರು. ಒಂದು ತುದಿಯಲ್ಲಿ ಕಾವು ಕೊಡುವ ಹೀಟ್ ಮ್ಯಾಟು, ಕಾವು ಮೀರದಂತೆ ಥರ್ಮೋಸ್ಟಾಟು, ಎರಡು ಕಡೆ ಎರಡು ಥರ್ಮಾಮೀಟರು. ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪು. ಹಾವು ತನ್ನ ಮನಸ್ಸಿಗೆ ಬಂದ ಕಡೆ ಮಲಗಬಹುದು. ನನ್ನ ಬಾಕ್ಸ್ ರೂಮಿನ ಹೀಟರು ಕೆಟ್ಟು ತಿಂಗಳಾಗಿತ್ತು ಎಂದು ಇಲ್ಲಿ ಹೇಳಿದರೆ ಸಣ್ಣತನವಾದೀತು. ಆದರೂ ಹೇಳಿದ್ದೇನೆ!

ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ಹಾವಿಗೆ ಅಡಗಿ ಕೂರಲು ಮುಚ್ಚಿದ ಡಬ್ಬಿ ಇರಲೇಬೇಕು. ನಾನು ಬೆರಳಿಟ್ಟು ತೋರಿಸಿದೆ.

ಮಾವನಿಗೆ ಅವಮಾನವಾಯಿತು. "ನಮ್ಮ ಮನಿಗೆ ಬಂದವರು ಯಾಕ ಅಡಗಿ ಕುಂದ್ರಬೇಕೋ? ಯಾರ ಅಂಜಿಕಿ? ಆರಾಮ ಅಡ್ಡಾಡ್ಲಿ!"

ಕಾವಿನ ಪರೀಕ್ಷೆಗೆಂದು ಖಾಲಿ ಶೋಕೇಸನ್ನು ಎರಡು ದಿನ ಬೆಚ್ಚಗಿಟ್ಟರು. ಎರಡನೆಯ ದಿನ ಬೆಳಿಗ್ಗೆ ನೋಡಿದರೆ ಒಳಗೆ ಒಂದು ಪಾತ್ರೆ, ಅದರ ಮುಚ್ಚಳ ಎತ್ತಿಕೊಂಡು ಉಕ್ಕಿ ಬಂದ ಇಡ್ಲಿ ಹಿಟ್ಟು! ಲಂಡನ್ನಿನ ಚಳಿಗೆ ನವೆಂಬರಿನಿಂದ ಹುದುಗದೆ ಅತ್ತೆಯನ್ನು ಸತಾಯಿಸಿದ್ದ ಹಿಟ್ಟು ಅದು. "ಮನಿ ಛಲೋ ಕಟ್ಟೀರಿ ಬಿಡ್ರಿ" ಎಂದರು ಅತ್ತೆ. ಅವರು ಮಾವನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಡ್ಲಿಯೂ ಹೂವಿನ ಹಾಗಿತ್ತು.

ಹಾವು ಬಂತು. ಪೆನ್ಸಿಲ್ಲಿನಷ್ಟು ದಪ್ಪ, ಕೆಂಪು ಮಚ್ಚೆ. ಭಾನುವಾರ ಗೃಹಪ್ರವೇಶ! ಮಾವ ಫೋನಿನಲ್ಲಿ ಆ ಪದವನ್ನೇ ಹೇಳಿ ಕರೆದಿದ್ದರು. ಪರಿಚಯದ ಕನ್ನಡದವರೆಲ್ಲ ಬಂದರು. ಬೆಳಗಾವಿಯ ಅಜ್ಜಿಯೊಬ್ಬರು ಹಾಲು ತಂದಿದ್ದರು. "ಇದು ಹಾಲು ಕುಡ್ಯಾಂಗಿಲ್ರಿ ಯವ್ವಾ" ಎಂದು ಮಾವ ಅದನ್ನು ಚಹಾಕ್ಕೆ ಕಳಿಸಿದರು. ಉಡುಪಿ ಕಡೆಯ ಕ್ಯಾಥೊಲಿಕ್ ದಂಪತಿ ಕೇಕ್ ತಂದು, ಯಾರ ಕೈಗೆ ಕೊಡುವುದೆಂದು ತಿಳಿಯದೆ ಶೋಕೇಸಿನ ಮೇಲೇ ಇಟ್ಟರು. ಬಂದವರೆಲ್ಲ ಗಾಜು ತಟ್ಟಿದರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಭಾಳ ಸಣ್ಣಗೈತಲ್ಲ, ಊಟಾ ಮಾಡತೈತಿಲ್ಲೋ?"

ಮಾಡಲಿಲ್ಲ!

ಅದರ ಊಟವೆಂದರೆ ಹೆಪ್ಪುಗಟ್ಟಿಸಿದ ಇಲಿಮರಿ. ಅತ್ತೆಯ ಫ್ರಿಜ್ಜಿಗೆ ಪ್ರವೇಶವಿಲ್ಲ, ಹಿತ್ತಲ ಶೆಡ್ಡಿನ ಹಳೇ ಫ್ರಿಜ್ಜಿನಲ್ಲಿ ವಾಸ. ಮಾವ ಅದರ ಹೆಸರೆತ್ತದೆ 'ಪಾರ್ಸಲ್' ಎನ್ನುತ್ತಿದ್ದರು. ಮುಖ ಆ ಕಡೆ ತಿರುಗಿಸಿ, ಇಕ್ಕಳದಲ್ಲಿ ಹಿಡಿದು, ಬಿಸಿನೀರಿನಲ್ಲಿ ಅದ್ದಿ, "ತಿನ್ನೋ ರಾಜಾ" ಎಂದು ಗೋಗರೆಯುತ್ತಿದ್ದರು. ರಾಜ ಮೂಲೆಯಲ್ಲಿ ಗಾಜಿಗೆ ಮೂಗೊತ್ತಿ ಸುರುಳಿಯಾಗಿರುತ್ತಿತ್ತು. ತಿನ್ನದಿದ್ದರೆ ಮಾವ ಮತ್ತಿಬ್ಬರನ್ನು ಕರೆದು ತೋರಿಸುತ್ತಿದ್ದರು. ಮೂರು ವಾರ ಕಳೆದವು. ಅಂಗಡಿಯವನು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ: ಇನ್ನೊಂದು ವಾರ ನೋಡಿ, ಆಮೇಲೆ ವಾಪಸ್ ತನ್ನಿ, ನಿಮ್ಮ ಮನೆಯಲ್ಲಿ ಅದು ಉಳಿಯುವುದಿಲ್ಲ.

'ನಿಮ್ಮ ಮನೆಯಲ್ಲಿ' ಎಂಬ ಮಾತು ಮಾವನಿಗೆ ನಾಟಿತು. ನಾಲ್ಕು ರೊಟ್ಟಿಯ ಮನುಷ್ಯ ಒಂದೂವರೆಗೆ ಏಳತೊಡಗಿದರು. "ಎಲ್ಲಾ ಕೊಟ್ಟೀನಿ. ಇಷ್ಟು ದೊಡ್ಡ ಮನಿ, ಇಷ್ಟು ಮಂದಿ. ಮತ್ಯಾಕ ಉಣ್ಣವಲ್ದು?"

ಅತ್ತೆ ಒರೆಸುವ ಬಟ್ಟೆ ಹಿಡಿದುಕೊಂಡು ಶೋಕೇಸಿನ ಮುಂದೆ ನಿಂತಿದ್ದರು. "ನಾನೂ ಉಂಡಿರಲಿಲ್ಲ" ಎಂದರು.

"ಯಾವಾಗ?"

"ಲಗ್ನಾ ಆಗಿ ಬಂದಾಗ. ದಿನಾ ಮಂದೀನ ಕರಕೊಂಡು ಬರತಿದ್ರಿ. ಎಲ್ಲಾರೂ ನನ್ನ ನೋಡೋರ, ಸಣ್ಣಗದಾಳ, ಊಟಾ ಮಾಡತಾಳಿಲ್ಲೋ ಅಂತ ಕೇಳೋರ. ಅವರ ಮುಂದ ತುತ್ತು ಇಳೀತಿರಲಿಲ್ಲ. ನೀವು ಡ್ಯೂಟಿಗಿ ಹ್ವಾದ ಮ್ಯಾಲ ಮೆಟ್ಟಿಲ ಬುಡಕಿನ, ಕಸಾ ಎಳಿಯೋ ಹೂವರ್ ಮಶಿನ್ ಇಡೋ ಗೂಡಿನ್ಯಾಗ ಹೋಗಿ, ಬಾಗಿಲಾ ಹಾಕ್ಕೊಂಡು, ಅವ್ವ ಕಟ್ಟಿ ಕೊಟ್ಟ ಖಡಕ್ ರೊಟ್ಟಿ ತಿಂತಿದ್ನಿ. ಆರು ತಿಂಗಳಾ."

ಅತ್ತೆ ಒಳಗೆ ಹೋಗಿ ತವರಿನಿಂದ ತಂದಿದ್ದ ಹಳೇ ಅವಲಕ್ಕಿ ಡಬ್ಬಿ ತಂದರು, ಮುಚ್ಚಳ ತೆಗೆದು ಬೆಚ್ಚನೆಯ ತುದಿಯಲ್ಲಿ ಅಡ್ಡ ಮಲಗಿಸಿದರು. ಗಾಜಿನ ಮೇಲೆ ಹಳೇ ಸೀರೆ ಇಳಿಬಿಟ್ಟರು. "ಪಾರ್ಸಲ್ ಇಟ್ಟು ನಡೀರಿ. ಯಾರೂ ನೋಡಬ್ಯಾಡ್ರಿ."

ಮರುದಿನ ಪಾರ್ಸಲ್ ಇರಲಿಲ್ಲ! ಮಾವ ಕುಣಿಯುತ್ತಾರೆಂದು ಕಾದೆ. ಅವರು ಕುಣಿಯಲಿಲ್ಲ. ಟೂಲ್ ಬಾಕ್ಸ್ ಎತ್ತಿಕೊಂಡು ಮೆಟ್ಟಿಲ ಕಡೆ ಹೋದರು.

ಸಂಜೆ ಅತ್ತೆ ಕೆಲಸದಿಂದ ಬಂದಾಗ ಹೂವರ್ ಹಾಲಿನ ನಟ್ಟನಡುವೆ ನಿಂತಿತ್ತು. ಗೂಡಿನ ಬಾಗಿಲು ತೆರೆದರೆ ಒಳಗೆ ಒಂದು ಸಣ್ಣ ಬಲ್ಬು, ಸ್ಟೂಲಿನ ಮೇಲೆ ದಿಂಬು, ಗೋಡೆಗೆ ಪುಟ್ಟ ಹೀಟರು. ಬಾಗಿಲ ಒಳಬದಿಗೆ ಹೊಸ ಚಿಲಕ.

"ಏನ್ರಿ ಇದು ಹುಚ್ಚಾಟ?"

"ಭಾಳ ತಡಾ ಆತು" ಎಂದರು ಮಾವ ನೆಲ ನೋಡುತ್ತಾ. "ಚಿಲಕ ಒಳಗಿನಿಂದನ ಐತಿ. ನಾನೂ ಬಡಿಯಾಂಗಿಲ್ಲ."

ಅತ್ತೆ ನಕ್ಕರು. ನಗುತ್ತಲೇ ಒಳಗೆ ಹೋಗಿ ಕೂತರು, ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದಾಯಿತು. ಮಾವ ಹಾಲಿನಲ್ಲಿ ಹೂವರಿನ ಪಕ್ಕ ನಿಂತೇ ಇದ್ದರು, ಬಾಗಿಲು ತಟ್ಟಲಿಲ್ಲ.