ಎರಡೇ ಕಿಂಡಿಯ ಲ್ಯಾಪ್‌ಟಾಪ್

ನನ್ನ ಹಳೆಯ ಲ್ಯಾಪ್‌ಟಾಪಿಗೆ ಮೈತುಂಬ ಕಿಂಡಿಗಳಿದ್ದವು. ವಸ್ತಾರೆಯ ನಮ್ಮ ತೋಟದ ಮನೆಯಲ್ಲಿ ಕಿಂಡಿ ಕಂಡರೆ ಕುಂಬಾರ ಹುಳ ಸುಮ್ಮನಿರುವುದಿಲ್ಲ. ಮಣ್ಣು ತಂದು ಮೆತ್ತಿ ಒಳಗೆ ಸಂಸಾರ ಹೂಡುತ್ತದೆ. ಪೆನ್‌ಡ್ರೈವ್ ಹಾಕಬೇಕಾದರೆ ಮೊದಲು ಪಿನ್ನು ಹಿಡಿದು ಗೂಡು ಕೆದಕಬೇಕಿತ್ತು. ಹಾಗಾಗಿ ಚಿಕ್ಕಮಗಳೂರಿನ ಅಂಗಡಿಯಲ್ಲಿ ಎರಡೇ ಎರಡು ಸಣ್ಣ ಕಿಂಡಿಯ ಹೊಸ ಲ್ಯಾಪ್‌ಟಾಪ್ ಕಂಡಾಗ, ಮಲೆನಾಡಿನವರ ಕಷ್ಟ ಬಲ್ಲ ಕಂಪನಿಯೊಂದು ಕೊನೆಗೂ ಹುಟ್ಟಿತೆಂದು ಹಿಗ್ಗಿ, ಕೊಂಡುಬಿಟ್ಟೆ.

ಮನೆಗೆ ಬಂದು ಪೆನ್‌ಡ್ರೈವ್ ಹಾಕಲು ನೋಡಿದರೆ, ಹೋಗಲಿಲ್ಲ. ತಿರುಗಿಸಿದೆ. ಊದಿದೆ. ಊಹೂಂ.

ಅದು ಸಾಮಾನ್ಯ ಪೆನ್‌ಡ್ರೈವ್ ಅಲ್ಲ. ಕಳಸದಲ್ಲಿ ನನ್ನ ಮಾವನಿಗೆ ಎಂಬತ್ತು ತುಂಬಿದ ಸಮಾರಂಭ ನಡೆಯುವುದಿತ್ತು. ಅತ್ತೆ ತೀರಿಕೊಂಡ ಮೇಲೆ ಅವರು ನಗುವುದನ್ನೇ ಬಿಟ್ಟಿದ್ದರು. ಅಂದು ಅತ್ತೆಯ ಹಳೆಯ ಫೋಟೊಗಳನ್ನು ದೊಡ್ಡ ಪರದೆಯ ಮೇಲೆ ಅವರಿಗೆ ತೋರಿಸಬೇಕೆಂದು ನನ್ನ ಹೆಂಡತಿ ಗಿರಿಜಾ ನೆಂಟರ ಮನೆಮನೆ ಅಲೆದು ಅದರಲ್ಲಿ ಒಟ್ಟುಮಾಡಿದ್ದಳು. ತೋರಿಸುವ ಘನ ಜವಾಬ್ದಾರಿ ನನ್ನದು.

ಅಂಗಡಿಗೆ ಫೋನ್ ಮಾಡಿದೆ.

"ಈಗ ಬರೋದೇ ಹಂಗೆ ಸಾರ್. ಹಬ್ ಅಂತ ಸಿಗುತ್ತೆ, ಅದ್ರಲ್ಲಿ ಎಲ್ಲಾ ಕಿಂಡಿನೂ ಇರುತ್ತೆ. ತಗೊಳ್ಳಿ," ಅಂದ ಅಂಗಡಿಯವನು.

ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು. ಲ್ಯಾಪ್‌ಟಾಪಿನಿಂದ ಕಿಂಡಿ ಕಿತ್ತು, ಅದೇ ಕಿಂಡಿಗಳನ್ನು ಬೇರೆ ಪೊಟ್ಟಣ ಕಟ್ಟಿ ಮಾರುತ್ತಾರೆ! ಸ್ಯಾಂಪಲ್ ನೆಪದಲ್ಲಿ ಬೊಗಸೆಗಟ್ಟಲೆ ಕಾಫಿ ಎತ್ತಿಟ್ಟುಕೊಳ್ಳುವ ವ್ಯಾಪಾರಿಗಳನ್ನು ಕಂಡವನು ನಾನು. ನನ್ನ ಹತ್ತಿರವೇ?

"ತಗೊಂಡ್ಬಿಡಿ ಅತ್ಲಾಗೆ," ಅಂದಳು ಗಿರಿಜಾ.

"ಅವ್ರಿಗೆ ಬೇಕಾಗಿರೋದೂ ಅದೇ ಕಣೇ," ಅಂದೆ. ತೆಗೆದುಕೊಳ್ಳಲಿಲ್ಲ. ಪ್ರೊಜೆಕ್ಟರ್ ತರುವವನ ಬಳಿ ಏನಾದರೂ ಇದ್ದೇ ಇರುತ್ತದೆಂದು ಧೈರ್ಯವಾಗಿ ಕಳಸಕ್ಕೆ ಹೊರಟೆ.

ಅವನ ಬಳಿ ಇದ್ದದ್ದು ಒಂದು ತಂತಿ. ಅದರ ಮೂತಿಯೂ ನನ್ನ ಕಿಂಡಿಗೆ ಹಿಡಿಸಲಿಲ್ಲ. ಮಾವ ಮುಂದಿನ ಕುರ್ಚಿಯಲ್ಲಿ ಕೂತು ಬರೀ ಬಿಳಿ ಪರದೆಯನ್ನು ನೋಡುತ್ತಿದ್ದರು. ಗಿರಿಜಾಳ ಕಣ್ಣು ತುಂಬಿತ್ತು. ನನಗೆ ಎಲ್ಲಾದರೂ ಹೋಗಿ ಬಚ್ಚಿಟ್ಟುಕೊಳ್ಳೋಣ ಅನ್ನಿಸಿತು.

ಆಗ ಗಿರಿಜಾಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ ರುದ್ರೇಶಣ್ಣ, ಜೇಬಿನಿಂದ ಹಬ್ ತೆಗೆದರು. "ತಗೋ ಮಾರಾಯ, ನನ್ ಹತ್ರ ಇದೆ."

ರೇಷ್ಮೆ ಪಂಚೆ ಉಟ್ಟು, ಜೇಬಿನಲ್ಲಿ ಹಬ್ ಇಟ್ಟುಕೊಂಡು ಬರುವವರುಂಟೆ? ನನ್ನ ಯಂತ್ರದಲ್ಲಿ ತೋಟದ ಸಮಸ್ತ ವಿವರಗಳಿವೆ. "ಒಂದ್ನಿಮಿಷ ಅಣ್ಣ," ಎಂದು ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಿರುಗಿಸಿ, ಅದರಲ್ಲೇ ಇಂಟರ್ನೆಟ್ಟಿನಲ್ಲಿ ಗುಟ್ಟಾಗಿ ವಿಚಾರಿಸಿದೆ. ನೆಟ್‌ವರ್ಕ್ ಸಿಗದೆ ಅದು ಸುತ್ತುತ್ತಲೇ ಇತ್ತು. ಗಿರಿಜಾಳ ತಾಳ್ಮೆ ಮುಗಿಯಿತು. ಹಬ್ ಕಸಿದುಕೊಂಡು, ತಂತಿ, ಪೆನ್‌ಡ್ರೈವ್ ಎಲ್ಲ ತಾನೇ ಚುಚ್ಚಿದಳು.

ಪರದೆ ಬೆಳಗಿತು. ಮೊಳದುದ್ದದ ಅಕ್ಷರಗಳಲ್ಲಿ ನನ್ನ ಪ್ರಶ್ನೆ ಮೂಡಿತು: "ಷಡ್ಡಕ ಕೊಟ್ಟ ಹಬ್ ಹಾಕಿದರೆ ನಮ್ಮ ತೋಟದ ಗುಟ್ಟು ಕದಿಯಬಹುದೇ?"

ಸಭೆ ಓದಿತು. ಬಾಯಿಬಿಟ್ಟೇ ಓದಿತು.

"ಬೋರರ್ ಹುಳ ಹೊಡೆದ ಗಿಡ ಬಿಟ್ರೆ ಏನ್ ಗುಟ್ಟಿದೆಯೋ ನಿನ್ ತೋಟದಲ್ಲಿ?" ಅಂದರು ರುದ್ರೇಶಣ್ಣ.

ನಾನು ಅವಸರದಲ್ಲಿ ಫೋಟೊ ತೆರೆದೆ. ಜೀಪಿನ ಬಾನೆಟ್ ಮೇಲೆ ಕೂತು ನಗುತ್ತಿದ್ದ ಅತ್ತೆ, ಹೂಬಿಟ್ಟ ಕಾಫಿ ಗಿಡದ ಪಕ್ಕ ನಿಂತ ಅತ್ತೆ. ಮಾವ ಶಾಲಿನ ಅಂಚಿನಿಂದ ಮತ್ತೆ ಮತ್ತೆ ಕಣ್ಣೊರೆಸಿಕೊಂಡರು.

ಎಲ್ಲ ಮುಗಿದ ಮೇಲೆ ಮಾವ ನನ್ನನ್ನು ಹತ್ತಿರ ಕರೆದರು. "ಅಳಿಯಂದ್ರೇ, ಇನ್ನೊಂದ್ಸಲ ಹಾಕ್ತೀರಾ?"

ಧನ್ಯನಾದೆ. ಜೀಪಿನ ಫೋಟೊ ಹಾಕಿದೆ.

"ಅದಲ್ಲ," ಅಂದರು ಮಾವ, ಭುಜ ಕುಣಿಸಿ ನಗುತ್ತಾ. "ಮೊದ್ಲು ಬಂತಲ್ಲ, ಅದು. ಅವಳಿದ್ದಿದ್ರೆ ಬಿದ್ದುಬಿದ್ದು ನಗ್ತಿದ್ಲು."

ಹಾಕಿದೆ.