ಹೊರಗಿನ ಹುಂಜ

ಕಾವಿಗೆ ಕೂತಿದ್ದ ಹೇಂಟೆ ಎದ್ದು ಮೈ ಕೊಡವಿದಾಗ ಬುಟ್ಟಿಯಲ್ಲಿ ಕಂಡದ್ದು ಒಡೆಯದ ಮೊಟ್ಟೆಗಳು, ಮತ್ತು ಬೆರಳು ಸೊಟ್ಟಗಿದ್ದ ಒಂದೇ ಒಂದು ಮರಿ. ಹೊಸ ಚಪ್ಪಲಿ ಕಚ್ಚಿದವರ ಹಾಗೆ ಅದು ಕುಂಟಿಕೊಂಡು ಬಂದು ಕೂತುಬಿಟ್ಟಿತು. ದರ್ಜಿ ಬುಟ್ಟಿಯ ಮುಂದೆ ಕುಕ್ಕರಿಸಿದ. ಅಪ್ಪನ ಕಾಲದಿಂದ ಹೊರಗಿನ ಒಂದು ಪುಕ್ಕವನ್ನೂ ಒಳಗೆ ಬಿಡದೆ ಕಾಪಾಡಿದ ಕೆಂಪು ತಳಿ ಕಣ್ಣೆದುರಿಗೇ ಆರಿಹೋಗುವಂತಿತ್ತು.

ಬೇಲಿಯ ಆಚೆಯಿಂದ ಆಸ್ಪತ್ರೆಯ ಕಾಂಪೌಂಡರ್ ಇಣುಕಿದ. ಇಣುಕುವುದು ಅವನ ನಿತ್ಯವ್ರತ.

"ಈ ಮರಿಗೆ ಅಪ್ಪ ಯಾರಣ್ಣ?"

"ಇದೇ ಹುಂಜ."

"ಅದರ ತಾಯಿಗೆ ಅಪ್ಪ?"

ದರ್ಜಿ ಗಂಟಲು ಸರಿಮಾಡಿಕೊಂಡ. "ಅದೂ... ಇದೇ."

ಹುಂಜ ಎಲ್ಲವನ್ನೂ ಒಪ್ಪಿಕೊಂಡಂತೆ ಎದೆಯುಬ್ಬಿಸಿ ಕೂಗಿತು.

"ಸರಿಹೋಯ್ತು! ಪಾಪ, ಅಪ್ಪ ಅನ್ನಲೋ ಅಜ್ಜ ಅನ್ನಲೋ ಗೊತ್ತಾಗ್ದೆ ಮರಿ ಕೂತುಬಿಟ್ಟಿದೆ. ರಕ್ತ ಬದಲಾಗ್ಬೇಕು ಕಣಣ್ಣ. ಹೊರಗಿನ ಹುಂಜ ತಾ."

ಹೆಂಡತಿಗೆ ಹೇಳಿದರೆ 'ನಾನು ಆವತ್ತೇ ಹೇಳಿರಲಿಲ್ವಾ' ಎಂಬ ಪಾರಾಯಣ ಶುರುವಾಗುತ್ತದೆ. "ಗುಂಡಿ, ದಾರ ತರ್ತೀನಿ ಕಣೇ" ಎಂದು ಹುಂಜವನ್ನು ಬಟ್ಟೆಚೀಲಕ್ಕೆ ತುಂಬಿ ಹೊರಟ.

ಕ್ಷೌರದಂಗಡಿಯ ಮುಂದೆ ಚೀಲ ಕೂಗಿತು. "ಒಳಗೆ ಯಾರಣ್ಣ?" ಎಂದು ಕ್ಷೌರಿಕ ಬಾಯಿ ಬಿಚ್ಚಿದ, ಎಡಗೈಯಲ್ಲಿ ಚೀಲದ್ದನ್ನೂ ಬಿಚ್ಚಿದ. "ಹುಂಜ ಕಣಣ್ಣ, ಬದಲಾಯಿಸ್ಬೇಕು" ಎಂದು ದರ್ಜಿ ಹೇಳುವಷ್ಟರಲ್ಲಿ ಅದು ನೇರ ಹಾರಿ ಪೋಸ್ಟ್‌ಮ್ಯಾನ್ ತಲೆಯೇರಿತು. ಮೀಸೆ ತಿದ್ದಿಸಲು ಬಂದಿದ್ದ ಅವನು ಬೆಚ್ಚಿದ. ಕ್ಷೌರಿಕನ ಬಲಗೈಯ ಕತ್ತಿ ಜಾರಿತು. ಅರ್ಧ ಮೀಸೆ ನೆಲ ಕಂಡಿತು.

"ಹುಂಜ ಆಮೇಲೆ ಬದಲಾಯಿಸು ಮಾರಾಯ, ಮೊದಲು ನನ್ನ ಮೀಸೆ ಕೊಡು!"

ಕ್ಷೌರಿಕ ನಡುವೆ ಬಂದು ಹುಂಜವನ್ನು ಚೀಲಕ್ಕೆ ತುರುಕಿ ದರ್ಜಿಯನ್ನು ಬಾಗಿಲ ಕಡೆ ದೂಡಿದ. "ಸೇತುವೆ ಆಚೆ ಬಡಗಿ ಹತ್ರ ಚುಕ್ಕೆ ಹುಂಜ ಇದೆ. ಓಡು!"

ಬಡಗಿಯದೂ ಅದೇ ಗೋಳು. ಅವನ ಚುಕ್ಕೆ ಕೋಳಿಗಳೂ ಒಂದೇ ಮನೆತನ, ಮೊಟ್ಟೆಗಳು ಒಡೆಯುತ್ತಿರಲಿಲ್ಲ. ಹುಂಜಕ್ಕೆ ಹುಂಜ ಕೈಬದಲಾಯಿತು. "ನಮ್ಮವಳಿಗೆ ಹೇಳ್ಬೇಡಪ್ಪ" ಎಂದ ಬಡಗಿ. "ನಮ್ಮವಳಿಗೂ" ಎಂದ ದರ್ಜಿ. ಅಳಿಯನನ್ನು ಕರೆತರುವ ಮಾವನ ಠೀವಿಯಲ್ಲಿ ಮನೆಗೆ ಬಂದ.

ಅಂಗಳದ ತುಂಬ ಚುಕ್ಕೆ ಹೇಂಟೆಗಳು!

"ನಮ್ಮ ಕೆಂಪಿನವು ಎಲ್ಲೇ?"

"ನಿಮ್ಮಪ್ಪನ ಹುಂಜ ಮುಟ್ಟಿದ್ರೆ ನೀವು ಸುಮ್ನಿರ್ತೀರಾ? ಅದಕ್ಕೇ ಹೇಂಟೆಗಳನ್ನೇ ಬದಲಾಯಿಸಿದೆ. ಸೇತುವೆ ಆಚೆ, ಬಡಗಿ ಮನೆ ಹಿಂಬಾಗಿಲಲ್ಲಿ. ಗಂಡನಿಗೆ ಹೇಳ್ಬೇಡ ಅಂದ್ಲು ಪಾಪ... ಚೀಲದಲ್ಲೇನ್ರೀ?"

ಚೀಲದಿಂದ ಜಿಗಿದ ಚುಕ್ಕೆ ಹುಂಜ, ತನ್ನ ಅಕ್ಕತಂಗಿಯರನ್ನು ಕಂಡು ರೆಕ್ಕೆ ಬಡಿಯಿತು.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕುಸಿದಳು. "ಹೋಗ್ಲಿ ಬಿಡಿ. ಹುಂಜ ಇಲ್ಲೇ ಇರ್ಲಿ. ಬರೀ ಹೇಂಟೆ ವಾಪಸ್ ಮಾಡಿದ್ರಾಯ್ತು. ಇಬ್ಬರ ಮನೆಗೂ ಹೊಸ ರಕ್ತ!"

ದರ್ಜಿಯ ಮುಖ ಅರಳಿತು. ಮನಸ್ಸಿನಲ್ಲಾಗಲೇ ಚುಕ್ಕೆಯಿಟ್ಟ ಕೆಂಪು ಮರಿಗಳು ನೆಟ್ಟಗೆ ಓಡತೊಡಗಿದವು.

ಅಷ್ಟರಲ್ಲಿ ಬಡಗಿ ಏದುಸಿರು ಬಿಡುತ್ತ ಬಂದ. ಕಂಕುಳಲ್ಲಿ ಕೆಂಪು ಹುಂಜ. ಹಿಂದೆಯೇ ಅವನ ಹೆಂಡತಿ, ತಲೆಯ ಮೇಲೆ ಕೆಂಪು ಹೇಂಟೆಗಳ ಬುಟ್ಟಿ.

"ತಪ್ಪಾಯ್ತು ಅಣ್ಣ! ನಿಮ್ಮದು ನಿಮಗೆ, ಒಂದೂ ಬಿಟ್ಟಿಲ್ಲ!"

ದರ್ಜಿ "ಅಯ್ಯೋ, ನಿಲ್ಲಪ್ಪ" ಎನ್ನುವಷ್ಟರಲ್ಲಿ ಕೆಂಪು ಕೋಳಿಗಳು ಅಂಗಳಕ್ಕಿಳಿದವು. ಪರಿಚಯದ ಬುಟ್ಟಿಯನ್ನು ಕಂಡ ಚುಕ್ಕೆ ಸಂಸಾರ ಹುಂಜದ ಸಮೇತ ತಾನಾಗಿ ಅದರೊಳಗೆ ಹತ್ತಿ ಕೂತಿತು. ಪ್ರಾಮಾಣಿಕ ದಂಪತಿ ಹಗುರಾದ ಮನಸ್ಸಿನಿಂದ ಸೇತುವೆಯ ಕಡೆ ನಡೆದರು.

ಅಂಗಳದಲ್ಲಿ ಕೆಂಪು ಹುಂಜ ಏನೂ ಆಗಿಲ್ಲವೆಂಬಂತೆ ಕೂಗಿತು.

"ನಾಳೆ ಇಬ್ರೂ ಒಟ್ಟಿಗೇ ಹೋಗೋಣ" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಈ ಸಲ ಮೊದಲು ಬಾಯಿ ಬಿಟ್ಟು ಮಾತಾಡಿ. ಬುಟ್ಟಿ ತೆಗೆಯೋದು ಆಮೇಲೆ."