ಅರ್ಧ ಹೊತ್ತಿನ ಬುತ್ತಿ

ನಮ್ಮ ಅಂಕಲಿ ಕಡೆ ಊರಿನ ದೂರವನ್ನು ಬುತ್ತಿಯಲ್ಲಿ ಹೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಪಂಢರಪುರ ಎಂದರೆ ಒಂದು ಹೊತ್ತಿನ ಬುತ್ತಿ. ಕಾಶಿ ಎಂದರೆ ಗಂಟು ಹೊರಲು ಇನ್ನೊಬ್ಬ ಬೇಕು. ನನಗೆ ಇದು ಅಜ್ಜಿಯರ ಲೆಕ್ಕ ಅನ್ನಿಸುತ್ತಿತ್ತು. ಮೊಬೈಲಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ಅಂತರವೂ ವಿಮಾನದ ವೇಳೆಯೂ ಬರುತ್ತವೆ. ಬೀಗರು ಬಂದಾಗ ಅದನ್ನು ಓದಿ ಹೇಳುವುದು ನನ್ನ ಚಟ. ಯಾರೂ ಕೇಳಿರುವುದಿಲ್ಲ, ಆ ಮಾತು ಬೇರೆ.

ಮಗಳು ಗೀತಾಳನ್ನು ಬ್ಯಾಂಕಿನವರು ಗುವಾಹಟಿಗೆ ವರ್ಗ ಮಾಡಿದಾಗ ಹೆಂಡತಿ ಸರಿಯಾಗಿ ಉಣ್ಣಲೇ ಇಲ್ಲ. "ಅದು ಎಷ್ಟ ಹೊತ್ತಿನ ಬುತ್ತಿ ಐತ್ರಿ?" ಎಂದು ಕೇಳಿದಳು. ನಾನು ಮೊಬೈಲು ತೆಗೆದು, ಬೆಂಗಳೂರಿನಿಂದ ಎರಡು ಸಾವಿರ ಚಿಲ್ಲರೆ ಕಿಲೋಮೀಟರ್ ಆದರೂ ವಿಮಾನಕ್ಕೆ ಮೂರೇ ತಾಸು, ಅರ್ಧ ಹೊತ್ತಿನ ಬುತ್ತಿಯೇ ಹೆಚ್ಚಾಯಿತು ಎಂದೆ. ಹಾಗಾದರೆ ಪಂಢರಪುರಕ್ಕಿಂತ ಹತ್ತಿರ ಎಂದು ಅವಳು ಕಣ್ಣೊರೆಸಿಕೊಂಡು ಮಗಳನ್ನು ಕಳಿಸಿದಳು. ಅಂಕಲಿಯಿಂದ ಬೆಂಗಳೂರು ಎಷ್ಟು ದೂರ ಎಂಬುದನ್ನು ಮೊಬೈಲು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹೋದ ಮಳೆಗಾಲದಲ್ಲಿ ಗೀತಾಳಿಗೆ ಟೈಫಾಯಿಡ್ ಆಯಿತು. ಜ್ವರ ಇಳಿದರೂ ಬಾಯಿಗೆ ಏನೂ ಸೇರದು. ಅವ್ವನ ಕೈಯ ಕಡಕ್ ರೊಟ್ಟಿ ಸಿಕ್ಕರೆ ತಿಂದೇನು ಎಂದಳು. ಮನೆಯಲ್ಲಿ ಎಮ್ಮೆ ಇಂದೋ ನಾಳೆಯೋ ಈಯುವುದಿತ್ತು, ಹೆಂಡತಿ ಬರುವಂತಿರಲಿಲ್ಲ. ನನ್ನ ಲೆಕ್ಕವನ್ನು ನಂಬಿ ನನಗೆ ಎರಡೇ ಮೆತ್ತನೆಯ ರೊಟ್ಟಿ ಕಟ್ಟಿದಳು. ಮಗಳ ಕಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಬೇರೆ ಅರಿವೆಯಲ್ಲಿ ಗಂಟು ಹಾಕಿದಳು.

ನನ್ನ ಪಾಲು ಬೆಳಗಾವಿ ಮುಟ್ಟುವುದರೊಳಗೆ ಮುಗಿಯಿತು. ಬೆಂಗಳೂರಿಗೆ ಬಂದರೆ, ಅಲ್ಲಿ ಗುವಾಹಟಿಯ ಮಳೆಯಿಂದಾಗಿ ವಿಮಾನ ಮರುದಿನಕ್ಕೆ ಹೋಯಿತು. ನಾನೋ, ಜೋಳ ಬೀಳದಿದ್ದರೆ ಹೊಟ್ಟೆಯೇ ತುಂಬದವನು. ಅಲ್ಲಿಯ ಬ್ರೆಡ್ಡನ್ನು ಊಟ ಎನ್ನಲು ಮನಸ್ಸು ಒಪ್ಪಲಿಲ್ಲ. ಮಗಳ ಗಂಟು ಬಿಚ್ಚಿದೆ. ಜಡ್ಡಿನಿಂದ ಎದ್ದವಳಿಗೆ ಮುರುಕು ರೊಟ್ಟಿ ಹೇಗೆ ಕೊಡುವುದು ಎಂದು ಮುರಿದದ್ದನ್ನಷ್ಟೇ ತಿಂದೆ. ಕಡಕ್ ರೊಟ್ಟಿಯ ಗುಣವೋ, ನನ್ನ ಕೈಗುಣವೋ, ಹಸಿವಾದಾಗಲೆಲ್ಲ ಒಂದೊಂದು ಮುರಿಯುತ್ತಲೇ ಹೋಯಿತು.

ಮರುದಿನ ಸಂಜೆ ಗೀತಾಳ ಮುಂದೆ ಗಂಟು ಇಟ್ಟೆ. ಒಳಗೆ ಚಟ್ನಿ ಇತ್ತು, ರೊಟ್ಟಿಯ ಪುಡಿ ಇತ್ತು. ಅವಳ ಕೆನ್ನೆಗಳು ಒಳಕ್ಕೆ ಹೋಗಿದ್ದವು. ಪುಡಿಯನ್ನು ನೋಡಿದಳು, ನನ್ನ ಮುಖವನ್ನೂ ನೋಡಿದಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು, ರೊಟ್ಟಿ ಹೇಗಾಗಿವೆ ಎಂದು.

"ತಿಂದ್ನಿ ಬೇ, ಭಾಳ ಚಲೋ ಆಗ್ಯಾವ" ಎಂದಳು ಗೀತಾ, ಬೆರಳಿಗೆ ಹತ್ತಿದ ಪುಡಿಯನ್ನು ನೆಕ್ಕುತ್ತ.

ನಾನು ಹೊರಡುವ ದಿನ ಅವಳೇ ನಿಧಾನಕ್ಕೆ ಎದ್ದು ಚಪಾತಿ ಲಟ್ಟಿಸಿ ಬುತ್ತಿ ಕಟ್ಟಿದಳು. ಎಷ್ಟು ಹೊತ್ತಿನದು ಬೇಕು ಎಂದು ನನ್ನನ್ನು ಕೇಳಲಿಲ್ಲ. ಮೂರು ಹೊತ್ತಿಗೆ ಸಾಕಾಗುವಷ್ಟು ಇತ್ತು. ಅದನ್ನು ಮುಟ್ಟಲು ನನಗೆ ಕೈ ಬರಲಿಲ್ಲ. ಖಾಲಿ ಹೊಟ್ಟೆಯಲ್ಲೇ ಊರು ಸೇರಿದೆ. ಹೆಂಡತಿ ಗಂಟು ಬಿಚ್ಚಿ, ಬುತ್ತಿ ಇದ್ದಂತೆಯೇ ಇರುವುದನ್ನು ಕಂಡು, ದಾರಿಯಲ್ಲಿ ಹಸಿವಾಗಲಿಲ್ಲವೇ ಎಂದು ಕೇಳಿದಳು.

"ಮೂರ ತಾಸಿನ ದಾರಿ, ಎಲ್ಲೀ ಹಸಿವು" ಎಂದೆ.